ಹೊಸ್ತಿಲಾಚೆ ನಿಂತ ಸೀನಣ್ಣ

ಕರೆಂಟಿನ ನಗಾರಿಯ ಸದ್ದು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನೀವೂ ಕೇಳಿರುತ್ತೀರಿ. ಮಂಗಳಾರತಿಯ ಹೊತ್ತಿಗೆ ಯಾರೋ ಗೋಡೆಯ ಸ್ವಿಚ್ಚು ಒತ್ತುತ್ತಾರೆ, ಮೋಟಾರು ಗುರ್ರೆನ್ನುತ್ತದೆ, ಬೆಲ್ಟು ತಿರುಗುತ್ತದೆ, ಎರಡು ಕಬ್ಬಿಣದ ಕೈಗಳು ನಗಾರಿ ಬಡಿಯುತ್ತವೆ, ಪಕ್ಕದಲ್ಲಿ ನಾಲ್ಕು ಗಂಟೆಗಳು ತಮ್ಮಷ್ಟಕ್ಕೆ ತಾವೇ ಅಲ್ಲಾಡುತ್ತವೆ. ಭಕ್ತರು ಕೈಕಟ್ಟಿಕೊಂಡು ನಿಂತಿರುತ್ತಾರೆ. ಹೋದ ವಾರ ಹೊಸಪೇಟೆಯ ನಮ್ಮ ಬಡಾವಣೆಯ ಗುಡಿಗೂ ಅಂಥದೊಂದನ್ನು ತಂದು ಕೂರಿಸಿದರು. ಸಂಜೆ ಒಗ್ಗರಣೆಗೆ ಸಾಸಿವೆ ಹಾಕಿ ನಿಂತಿದ್ದ ನಾನು ಆ ಢಣಢಣ ಕೇಳಿದ್ದೇ ಹೋಗಿ ಕಿಟಕಿ ಮುಚ್ಚಿದೆ. ಅಷ್ಟರಲ್ಲಿ ಸಾಸಿವೆ ಸೀದುಹೋಗಿತ್ತು. "ಯಾಕ, ದೇವರ ಗಂಟಿ ಕೇಳಿದ್ರ ಕಿಟಕಿ ಮುಚ್ತೀಯಲ್ಲ?" ಎಂದರು ನನ್ನ ಯಜಮಾನರು. ಹೇಳಲು ಹೊರಟರೆ ಚಿತ್ತವಾಡ್ಗಿಯ ತವರುಮನೆಯಿಂದಲೇ ಶುರು ಮಾಡಬೇಕಿತ್ತು. ಅವರಿಗೆ ಹೇಳಲಿಲ್ಲ, ಪತ್ರಿಕೆ ಓದುತ್ತ ಅರ್ಧಕ್ಕೇ ಹ್ಞೂಂ ಅಂದುಬಿಡುತ್ತಾರೆ. ನಿಮಗೆ ಹೇಳುತ್ತೇನೆ.

ಚಿತ್ತವಾಡ್ಗಿಯಲ್ಲಿ ಆಟೋ ಒಳಗೆ ಬಾರದಷ್ಟು ಇಕ್ಕಟ್ಟಿನ ಒಂದು ಗಲ್ಲಿ, ಅದರ ಕೊನೆಗೆ ನಮ್ಮ ಮನೆ. ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆ ಕಡೆ ದೊಡ್ಡಪ್ಪ, ಈ ಕಡೆ ನಾವು. ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಬಿಟ್ಟಿದ್ದರು, ಅದಕ್ಕೆ ಎರಡೂ ಕಡೆ ಚಿಲಕ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಮೂಗಿಗೆ ಬರುತ್ತಿದ್ದದ್ದು ಸಾಣೆಕಲ್ಲಿನ ಮೇಲೆ ತೇದ ಗಂಧ, ಒದ್ದೆ ಮಡಿಪಂಚೆ, ಬಚ್ಚಲೊಲೆಯ ಹೊಗೆ. ಅದಿರಿನ ಲಾರಿಗಳು ಸೊಂಡೂರಿನ ಗುಡ್ಡಗಳಿಂದ ಹಗಲೂ ರಾತ್ರಿ ಇಳಿಯುತ್ತಿದ್ದ ಕಾಲ ಅದು. ಅಮ್ಮ ಎಷ್ಟು ಒರೆಸಿದರೂ ಕಿಟಕಿಯ ಕಟ್ಟೆಯ ಮೇಲೆ ಕೆಂಪು ಧೂಳು ಇರುತ್ತಿತ್ತು. ತುಳಸಿಯ ಎಲೆಯನ್ನೂ ತೊಳೆದು ಏರಿಸಬೇಕಿತ್ತು. ಅಂಗಳದ ಬಾವಿಯ ನೀರು ಮಾತ್ರ ತಣ್ಣಗೆ, ಸಿಹಿಯಾಗಿ ಇತ್ತು. ಈಗ ಬಾವಿಯೂ ಇಲ್ಲ, ಮನೆಯೂ ಇಲ್ಲ. ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಗೋದಾಮು ಎದ್ದಿದೆ. ಹೋಗಿ ನೋಡಿ ಬಂದೆ. ಒಳಗೆ ಬಿಡಲಿಲ್ಲ.

ಕಂಪ್ಲಿಯ ದಾರಿಯಲ್ಲಿ, ಕಾಲುವೆಯ ದಂಡೆಗೆ, ಬಾಳೆ ಮತ್ತು ಕಬ್ಬಿನ ನಡುವೆ ಒಂದು ಸಣ್ಣ ಕಲ್ಲಿನ ಗುಡಿ. ಸುತ್ತಲಿನ ಊರಿನವರು ಗದ್ದೆ ಹನುಮಪ್ಪ ಎನ್ನುತ್ತಿದ್ದರು, ನಮ್ಮ ಮನೆಯಲ್ಲಿ ಪ್ರಾಣದೇವರು. ಪೂಜೆ ನಮ್ಮ ಮನೆತನದ್ದು. ಆರು ತಿಂಗಳು ದೊಡ್ಡಪ್ಪನ ಪಾಳಿ, ಆರು ತಿಂಗಳು ಅಪ್ಪನ ಪಾಳಿ. ಅಪ್ಪ ಹಳೇ ಮೊಪೆಡ್ಡಿನ ಮೇಲೆ ಹೋಗಿ ಪೂಜೆ ಮುಗಿಸಿ, ಹತ್ತು ಗಂಟೆಗೆ ಕಚೇರಿಗೆ ಹೋಗುತ್ತಿದ್ದರು. ಹಿಂದೆ ಅಣ್ಣ ಸೀನು, ಅವನ ತೊಡೆಯ ಮೇಲೆ ಹೂಬುಟ್ಟಿ. ರಜೆ ಇದ್ದ ದಿನ ನಾನೂ ಇಬ್ಬರ ನಡುವೆ ಸಿಕ್ಕಿಕೊಂಡು ಹೋಗುತ್ತಿದ್ದೆ. ಆ ವಯಸ್ಸಿನ ಹುಡುಗರಿಗೆ ಕ್ರಿಕೆಟ್ಟು, ಸಿನಿಮಾ. ನಮ್ಮ ಸೀನಣ್ಣನಿಗೆ ಮಾತ್ರ ಒಂದೇ ಹುಚ್ಚು, ಅಲಂಕಾರ. ಎಳ್ಳೆಣ್ಣೆಯಲ್ಲಿ ಸಿಂಧೂರ ಕಲಸಿ, ಬಲಗೈಯ ಎರಡು ಬೆರಳಿನಿಂದ ದೇವರ ಕೆನ್ನೆಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದ. ಆಮೇಲೆ ಬಿಳಿ ಬಣ್ಣದಲ್ಲಿ ಕಣ್ಣು ತೀಡುತ್ತಿದ್ದ. ಹೊಸ್ತಿಲಿನ ಹೊರಗೆ ಕೂತು ಹೂ ಕಟ್ಟುತ್ತಿದ್ದ ನನಗೆ, ಅವನ ಬೆರಳು ಎದ್ದ ಕೂಡಲೇ ಆ ಕಲ್ಲು ನನ್ನನ್ನು ನೋಡತೊಡಗಿತು ಎನ್ನಿಸುತ್ತಿತ್ತು. ಪಕ್ಕದ ಬಾಳೆತೋಟದಲ್ಲಿ ಕೂಲಿ ಮಾಡುತ್ತಿದ್ದ ಹುಲಿಗೆಮ್ಮ ಕೈಮುಗಿದು, "ಸಣ್ಣಸ್ವಾಮಿ ಕಣ್ಣು ಬರೆದ ದಿನ ಹನುಮಪ್ಪ ನಗ್ತಾನ ನೋಡ್ರಿ" ಎನ್ನುತ್ತಿದ್ದಳು. ಅಂಥ ದಿನ ವಾಪಸು ಬರುವಾಗ ಅಪ್ಪನ ಮೊಪೆಡ್ಡು ಸ್ವಲ್ಪ ಜೋರಾಗಿ ಓಡುತ್ತಿತ್ತು.

ನನ್ನ ಪಾಲಿಗೆ ಆಗ ದೇವರೆಂದರೆ ಮನೆಯ ಹಿರಿಯರಲ್ಲಿ ಒಬ್ಬ. ಅಪ್ಪನಿಗಿಂತ ದೊಡ್ಡವನು, ದೊಡ್ಡಪ್ಪನಿಗಿಂತ ಒಳ್ಳೆಯವನು. ಎಣ್ಣೆ ಹಚ್ಚಿಸಿಕೊಳ್ಳುವುದೆಂದರೆ ಅವನಿಗೂ ಇಷ್ಟ, ಅವಲಕ್ಕಿ ಬೆಲ್ಲ ಅವನಿಗೂ ಇಷ್ಟ. ಗರ್ಭಗುಡಿಯೊಳಗೆ ನನಗೆ ಪ್ರವೇಶ ಇರಲಿಲ್ಲ, ಇರಬೇಕು ಎಂದು ನನಗೂ ಹೊಳೆದಿರಲಿಲ್ಲ. ಎಂಥ ಪೆದ್ದಿ ನಾನು! ಆ ಬಾಗಿಲು ಒಬ್ಬರನ್ನು ಹೊರಗೆ ನಿಲ್ಲಿಸಬಲ್ಲದು ಎಂಬುದು, ಹುಟ್ಟಿದಾಗಿನಿಂದ ಹೊರಗೇ ಕೂತಿದ್ದ ನನಗೆ, ಅಣ್ಣ ಹೊರಗೆ ನಿಂತ ಮೇಲೆ ಗೊತ್ತಾಯಿತು.

ನಾನು ಎಂಟನೇ ಕ್ಲಾಸಿನಲ್ಲಿದ್ದೆ, ಸೀನಣ್ಣ ಆಗಷ್ಟೇ ಪಿಯುಸಿ ಸೇರಿದ್ದ. ಲಾರಿಗಳಿಂದ ದಿಢೀರನೆ ದುಡ್ಡು ಕಂಡ ಒಬ್ಬ ಭಕ್ತರು ಗುಡಿಗೆ ಕರೆಂಟಿನ ನಗಾರಿ ಕೊಡಿಸಿದರು. ಅಲ್ಲಿಯವರೆಗೆ ಮಂಗಳಾರತಿಗೆ ಜಾಗಟೆ ಬಡಿಯಲು ಬಾಳೆತೋಟದ ಮಕ್ಕಳು ಕಿತ್ತಾಡುತ್ತಿದ್ದವು. ಮಷೀನು ಬಂದ ದಿನ ಅವು ಬರಿಗೈಯಲ್ಲಿ ಪೆಚ್ಚಾಗಿ ನಿಂತವು. ದೊಡ್ಡಪ್ಪನಿಗೆ ಮಾತ್ರ ಹಿಡಿಸಲಾರದಷ್ಟು ಹೆಮ್ಮೆ. ಒಂದು ಶನಿವಾರ ಮಂಗಳಾರತಿಯ ನಡುವೆ ಕರೆಂಟು ಹೋಯಿತು. ಅದೇ ಹೊತ್ತಿಗೆ ಬೆಲ್ಟೂ ಗಾಲಿಯಿಂದ ಜಾರಿಕೊಂಡಿತ್ತು. ಆರತಿ ಮೂಕವಾಗಿ ನಡೆಯಬಾರದು ಎಂದು ದೊಡ್ಡಪ್ಪ ಒಳಗಿನಿಂದಲೇ ಕೂಗಿದರು: "ಸೀನೂ, ಜಲ್ದಿ ನೋಡೋ ಅದನ್ನ!" ಅಣ್ಣ ಓಡಿದ. ಬೆಲ್ಟನ್ನು ಗಾಲಿಗೆ ಕೂರಿಸುತ್ತಿದ್ದ. ಸ್ವಿಚ್ಚು ಹಾಕಿಯೇ ಇತ್ತು, ಯಾರಿಗೂ ನೆನಪಿರಲಿಲ್ಲ. ಕರೆಂಟು ಬಂತು. ನಗಾರಿ ಬಡಿಯಿತು, ಗಂಟೆಗಳು ಮೊಳಗಿದವು, ಜನ ಗೋವಿಂದಾ ಎಂದರು. ಅಣ್ಣ ಕಿರುಚಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಹತ್ತಿರ ನಿಂತಿದ್ದ ಹುಲಿಗೆಮ್ಮ ನೋಡಿ ಸ್ವಿಚ್ಚು ಆರಿಸಿ, ತನ್ನ ಸೆರಗು ಹರಿದು ಅವನ ಕೈ ಸುತ್ತಿದಳು. ಬಲಗೈಯ ತೋರುಬೆರಳು, ನಡುಬೆರಳು, ಎರಡೂ ಹೋದವು. ಸಿಂಧೂರ ಎಳೆಯುತ್ತಿದ್ದದ್ದು ಅದೇ ಎರಡು.

ಅಪ್ಪ ಅವನನ್ನು ಆಸ್ಪತ್ರೆಗೆ ಕರೆದೊಯ್ದ ಮೇಲೆ ದೊಡ್ಡಪ್ಪ ಮೊದಲು ಮಾಡಿಸಿದ ಕೆಲಸ, ರಕ್ತ ಬಿದ್ದ ಗುಡಿಯನ್ನು ತೊಳೆಸಿ ಪುಣ್ಯಾಹ. ಎರಡನೆಯದು, ಮಷೀನಿನ ದುರಸ್ತಿ. ಮುಂದಿನ ಶನಿವಾರಕ್ಕೆ ಅದು ಏನೂ ಆಗಿಲ್ಲದಂತೆ ಬಡಿಯುತ್ತಿತ್ತು. ಅಣ್ಣನ ಗಾಯ ಮಾಯುವುದಕ್ಕೆ ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಅವನು ಎಡಗೈಯಲ್ಲಿ ಹಲಗೆಯ ಮೇಲೆ ಕಣ್ಣು ಬರೆದು ಬರೆದು ಅಭ್ಯಾಸ ಮಾಡಿದ. ಸೋಪಿನ ಡಬ್ಬಿಯ ಮೇಲೆ, ಹಳೇ ನೋಟ್‌ಬುಕ್ಕಿನ ರಟ್ಟಿನ ಮೇಲೆ, ಎಲ್ಲಿ ನೋಡಿದರೂ ಹನುಮಪ್ಪನ ಕಣ್ಣು. ಕೊನೆಗೆ ಒಂದು ದಿನ ನನ್ನನ್ನು ಕರೆದು, "ಪದ್ದೀ, ಇದು ಸರಿ ಬಂದದ ನೋಡು" ಎಂದ. ಬಂದಿತ್ತು. ನಿಜಕ್ಕೂ ಬಂದಿತ್ತು.

ಮರುದಿನ ಬೆಳಿಗ್ಗೆ ಅವನು ಕಾಲುವೆಯಲ್ಲಿ ಮಿಂದು, ಮಡಿಪಂಚೆ ಉಟ್ಟು, ಗರ್ಭಗುಡಿಯ ಹೊಸ್ತಿಲಿಗೆ ಕಾಲಿಡಲು ಹೋದ. ಅಪ್ಪನ ಪಾಳಿಯೇ. ಆದರೂ ದೊಡ್ಡಪ್ಪ ಅವತ್ತು ಬೇಕೆಂದೇ ಬಂದಿದ್ದರು. ಬಾಗಿಲಿಗೆ ಅಡ್ಡ ನಿಂತು ಬಹಳ ಮೃದುವಾಗಿ, ಜ್ವರ ಬಂದವರ ಹತ್ತಿರ ಮಾತಾಡುವ ಹಾಗೆ, "ಸೀನು, ಇನ್ನ ಮ್ಯಾಲ ನೀ ಒಳಗ ಬರೋ ಹಂಗಿಲ್ಲಪ್ಪ. ಅಂಗ ಊನ ಆದವರು ಮೂರ್ತಿ ಮುಟ್ಟಬಾರದು. ಶಾಸ್ತ್ರ ಅದ, ನಾ ಮಾಡಿದ್ದಲ್ಲ. ಹಂಪ್ಯಾಗ ನೋಡಿಲ್ಲೇನು, ಎಷ್ಟು ದೊಡ್ಡ ಮೂರ್ತಿ ಇದ್ರೂ ಭಿನ್ನ ಆತಂದ್ರ ಪೂಜಾ ಇಲ್ಲ. ದೇವರಿಗೇ ಅಷ್ಟು ಕಟ್ಟುನಿಟ್ಟು, ನಾವ್ಯಾರು?" ಎಂದರು. ಅಣ್ಣ ಅವರ ಹೆಗಲಿನಾಚೆ ಅಪ್ಪನನ್ನು ನೋಡಿದ. ಅಪ್ಪ ಬೆನ್ನು ತಿರುಗಿಸಿ ದೇವರಿಗೆ ನೀರು ಹೊಯ್ಯುತ್ತಿದ್ದರು. ಕೊಡ ಖಾಲಿಯಾದ ಮೇಲೂ ಹೊಯ್ಯುತ್ತಲೇ ಇದ್ದರು. ತಿರುಗಲಿಲ್ಲ. ನನ್ನ ಅಪ್ಪ ಕೆಟ್ಟವರಲ್ಲ, ಅದನ್ನು ನೂರು ಸಲ ಹೇಳಿಯೇನು. ಆದರೆ ಆ ಬೆನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆ ತಿಂಗಳಲ್ಲೇ ಒಂದು ಭಾನುವಾರ ಅಣ್ಣ, ನಾನು ಸೈಕಲ್ ಹತ್ತಿ ಹಂಪಿಗೆ ಹೋದೆವು. ಪ್ರವಾಸಿಗರ ಗುಂಪು ದಾಟಿ, ಬಂಡೆಗಳ ಹಿಂದೆ, ಸೂರಿಲ್ಲದ ಒಂದು ಗುಡಿಯಲ್ಲಿ ಮೊಳಕೈ ಮುರಿದ ದೇವರೊಂದು ಬಿಸಿಲಿಗೆ ನಿಂತಿತ್ತು. ಅದರ ಕಾಲ ಹತ್ತಿರ ಯಾರೋ ಬಿಟ್ಟುಹೋದ ನೀರಿನ ಬಾಟಲಿ. ಅಣ್ಣ ಅದರ ಎದುರು ಹೋಗಿ ನಿಂತ. "ಕೈ ಮುರಿದ ಕೂಡ್ಲೇ ಹಸಿವಿ ನಿಂತುಬಿಡ್ತದೇನ ಇವಕ್ಕ?" ಎಂದು ತನ್ನಷ್ಟಕ್ಕೆ ಕೇಳಿಕೊಂಡ. ಜೇಬಿನಿಂದ ಬಾಡಿದ ತುಳಸಿದಳ ತೆಗೆದು ಪಾದದ ಮೇಲೆ ಇಟ್ಟ. ದೂರದಿಂದ ಕಾವಲುಗಾರ ಸೀಟಿ ಊದಿದ. ಅಣ್ಣ ನಗುತ್ತ ಬಾಟಲಿ ಎತ್ತಿಕೊಂಡು ಬಂದ. ನನಗೆ ನಗು ಬರಲಿಲ್ಲ. ಊನವಾದದ್ದನ್ನು ಮೊದಲು ಮೂಲೆಗೆ ಸರಿಸುವವನೇ ದೇವರಾದರೆ, ಅವನಿಗೂ ನಮ್ಮ ಗಲ್ಲಿಯ ಜನಕ್ಕೂ ವ್ಯತ್ಯಾಸ ಏನು ಎಂಬ ಪ್ರಶ್ನೆ ಅವತ್ತು ಸೈಕಲ್ ತುಳಿಯುತ್ತ ಹುಟ್ಟಿದ್ದು, ಬಿಡಲೇ ಇಲ್ಲ.

ಹರೆಯದ ಮಕ್ಕಳಿಗೆ ದೇವರ ಬಗ್ಗೆ ಯಾರು ಹೇಳಿಕೊಡುತ್ತಾರೆ ಎಂದು ದೊಡ್ಡವರು ಚರ್ಚೆ ಮಾಡುವುದನ್ನು ಕೇಳಿದ್ದೇನೆ. ಪುಸ್ತಕವಂತೆ, ಮೊಬೈಲಂತೆ, ಸಹವಾಸದೋಷವಂತೆ. ಸುಳ್ಳು. ನೀವೇ ನಿಮ್ಮ ಹದಿಮೂರು ಹದಿನಾಲ್ಕನ್ನು ನೆನಪು ಮಾಡಿಕೊಳ್ಳಿ. ದೇವರ ಹೆಸರು ಹೇಳಿ ಮನೆಯ ದೊಡ್ಡವರು ಯಾರನ್ನು ಒಳಗೆ ಕರೆದರು, ಯಾರನ್ನು ಹೊರಗೆ ನಿಲ್ಲಿಸಿದರು, ಆಗ ಯಾರು ಬಾಯಿ ಮುಚ್ಚಿಕೊಂಡಿದ್ದರು, ಅಷ್ಟನ್ನೇ ಮಕ್ಕಳು ನೋಡುತ್ತಿರುತ್ತಾರೆ. ಅದರಿಂದಲೇ ದೇವರಿಗೆ ಒಂದು ಮುಖ ಮಾಡಿಕೊಳ್ಳುತ್ತಾರೆ. ಶ್ಲೋಕ ಬಾಯಿಪಾಠ ಮಾಡಿಸಿದವರು ಆ ಮುಖವನ್ನು ಬದಲಿಸಲಾರರು. ಹುಲಿಗೆಮ್ಮ ಒಬ್ಬಳು ಮಾತ್ರ ಅಕ್ಷರ ಬಾರದವಳಾದರೂ ಸರಿಯಾಗಿ ಕೇಳಿದಳು. ಅಣ್ಣ ಹೊರಗೆ ನಿಂತದ್ದನ್ನು ಕಂಡು, "ಅವನ ಕೆಲಸ ಮಾಡಾಕ ಹೋಗಿ ಬೆಳ್ಳು ಕಳಕಂಡಾವನ್ನ ಒಳಗ ಬಿಡದಿದ್ರ, ಇನ್ನ್ಯಾರನ್ನ ಬಿಟ್ಕಂತಾನ್ರಿ ನಿಮ್ಮ ದೇವ್ರು?" ಎಂದು ದೊಡ್ಡಪ್ಪನ ಮುಖಕ್ಕೇ ಕೇಳಿದಳು. ದೊಡ್ಡಪ್ಪ ಕೇಳಿಸದವರ ಹಾಗೆ ತೀರ್ಥ ಕೊಟ್ಟರು.

ಮರುವರ್ಷ ಬೇಸಿಗೆ. ಅಪ್ಪನ ಪಾಳಿ. ಗುಡಿಯಲ್ಲಿ ನಾವು ಮೂವರೇ. ನಾನು, ಅಣ್ಣ ಹೊಸ್ತಿಲ ಹೊರಗೆ ತುಳಸಿ ಬಿಡಿಸುತ್ತಿದ್ದೆವು. ಒಳಗೆ ಏನೋ ದೊಪ್ಪನೆ ಬಿತ್ತು. ಎಷ್ಟೋ ತಲೆಮಾರಿನಿಂದ ಪದರದ ಮೇಲೆ ಪದರ ಹಚ್ಚಿದ ಸಿಂಧೂರ ಬಿಸಿಲಿನ ಕಾವಿಗೆ ಬಿರುಕು ಬಿಟ್ಟು, ಮಣ್ಣಿನ ಗೋಡೆಯ ಗಿಲಾವಿನಂತೆ ಕಳಚಿ ಬಿದ್ದಿತ್ತು. ಹಳೆಯ ಎಣ್ಣೆಯ ಕಮಟು ವಾಸನೆ ಹೊರಗಿನ ತನಕ ಬಂತು. ಅಪ್ಪ ದೀಪ ಎತ್ತಿ ಹಿಡಿದರು. ಕೆಂಪು ಬಣ್ಣದ ಕೆಳಗೆ ಕಪ್ಪು ಕಲ್ಲಿನ ನಿಜವಾದ ಹನುಮಪ್ಪನನ್ನು ಅವತ್ತು ಮೊದಲ ಸಲ ನೋಡಿದೆವು. ಎತ್ತಿದ ಬಲಗೈ. ಅಂಗೈ ಇತ್ತು, ಹೆಬ್ಬೆರಳು ಇತ್ತು. ಉಳಿದ ನಾಲ್ಕು ಬೆರಳು ಇರಲಿಲ್ಲ. ನಿನ್ನೆ ಮೊನ್ನೆ ಮುರಿದದ್ದಲ್ಲ, ಮುರಿದ ಅಂಚು ಎಣ್ಣೆ ಕುಡಿದು ನುಣ್ಣಗಾಗಿತ್ತು. ಅಜ್ಜ, ಮುತ್ತಜ್ಜ, ಅವರಪ್ಪ, ಎಲ್ಲರೂ ಆ ಮೊಂಡುಗೈಯ ಮೇಲೆ ಮೆತ್ತಿದ ಸಿಂಧೂರವನ್ನೇ ಬೆರಳೆಂದು ಪೂಜಿಸಿದ್ದರು. ನಾನು ಅಣ್ಣನನ್ನು ನೋಡಿದೆ. ಅವನು ತನ್ನ ಬಲಗೈಯನ್ನು ಪಂಚೆಯ ಮಡಿಕೆಯಿಂದ ಹೊರಗೆ ತೆಗೆದಿದ್ದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಇನ್ನೇನು ಅಪ್ಪ ಅವನನ್ನು ಕರೆಯುತ್ತಾರೆ ಎಂದುಕೊಂಡೆ. ಅಪ್ಪ ಕರೆದದ್ದು ದೊಡ್ಡಪ್ಪನನ್ನು, ಫೋನು ಮಾಡಿ. ದೊಡ್ಡಪ್ಪ ಆಟೋದಲ್ಲಿ ಬಂದರು, ನೋಡಿದರು, ಬಾಗಿಲು ಹಾಕಿಸಿದರು. ಅರ್ಧ ಗಂಟೆಯಲ್ಲಿ ಎಲ್ಲ ತೀರ್ಮಾನವಾಯಿತು. ಊರಿಗೆ ಸುದ್ದಿ ಹೋಗಬಾರದು. ಒಂದು ಪ್ರಾಯಶ್ಚಿತ್ತ ಹೋಮ. ಮೇಲೆ ಬೆಳ್ಳಿಯ ಕವಚ, ಅಕ್ಕಸಾಲಿಗರಿಗೆ ಹೇಳಿ ಐದೂ ಬೆರಳು ಸರಿಯಾಗಿ ಮಾಡಿಸಬೇಕು. ನಾನು ಬಾಗಿಲು ತಳ್ಳಿ ಕೇಳಿಯೇಬಿಟ್ಟೆ: "ದೊಡ್ಡಪ್ಪಾ, ಪೂಜಾ ತಗೊಳ್ಳೋ ದೇವರ ಕೈ ಮುರಿದ್ರ ನಡೀತದ, ಮಾಡೋ ಅಣ್ಣನ ಕೈ ಮುರಿದ್ರ ಯಾಕ ನಡೆಯಂಗಿಲ್ಲ?" "ಅದು ಬ್ಯಾರೆ, ಇದು ಬ್ಯಾರೆ" ಎಂದರು ದೊಡ್ಡಪ್ಪ. ಅಪ್ಪ, "ಪದ್ದೀ, ಮೊದಲು ಮನಿಗೆ ನಡಿ" ಎಂದರು. ಬೆರಳಿಲ್ಲದ ದೇವರಿಗೆ ಬೆಳ್ಳಿಯ ಬೆರಳು ಬಂತು. ಅಣ್ಣನಿಗೆ ಬಂದದ್ದು ಹೊಸ್ತಿಲು.

ನಾನು ನಾಸ್ತಿಕಳಾಗಲಿಲ್ಲ. ಅದಕ್ಕೆ ಬೇಕಾದಷ್ಟು ಓದು ನನಗಿರಲಿಲ್ಲ. ಚಿಕ್ಕ ಮಕ್ಕಳು ಟೂ ಬಿಡುತ್ತಾರಲ್ಲ, ಹಾಗೆ ದೇವರ ಜೊತೆ ಟೂ ಬಿಟ್ಟೆ. ಕೈ ಮುಗಿಯುವುದು ನಿಲ್ಲಿಸಿದೆ. ಅವಲಕ್ಕಿ ಪ್ರಸಾದ ಮಾತ್ರ ತಿನ್ನುತ್ತಿದ್ದೆ, ಹಸಿವೆಯಾಗುತ್ತಿತ್ತು. ನೀನು ಕಲ್ಲಾದರೂ ನಿಜ ಹೇಳಿದೆ, ಆಮೇಲೆ ಇವರು ಮುಚ್ಚುವಾಗ ಯಾಕೆ ಸುಮ್ಮನಿದ್ದೆ ಎಂಬುದು ನನ್ನ ಜಗಳ. ಅದಕ್ಕಿಂತ ಹೆಚ್ಚಿನ ಸಿಟ್ಟು ಅಣ್ಣನ ಮೇಲೆ. ಅವನು ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಸೇರಿ, ಎಂಟು ಬೆರಳಲ್ಲಿ ತಾಮ್ರದ ತಂತಿ ಸುತ್ತುವುದು ಕಲಿತ. ಆದರೆ ಅಪ್ಪನ ಪಾಳಿ ಬಂದರೆ ಸಾಕು, ಬೆಳಗಾಗುವಷ್ಟರಲ್ಲಿ ಮೊಪೆಡ್ಡಿನ ಮೇಲೆ ಹಾಜರು. ನೀರು ತರುವವನು ಅವನು, ಹೂ ಬಿಡಿಸುವವನು ಅವನು, ಗುಡಿಸುವವನು ಅವನು. ಪೂಜೆಯ ಹೊತ್ತಿಗೆ ಹೊಸ್ತಿಲಾಚೆ ನಿಂತುಬಿಡುತ್ತಿದ್ದ. "ನಿನಗ ನಾಚಿಗಿ ಆಗಂಗಿಲ್ಲೇನೋ?" ಎಂದು ಬೈಯುತ್ತಿದ್ದೆ. "ನನಗ್ಯಾಕ?" ಎನ್ನುತ್ತಿದ್ದ. ಇವನಿಗೆ ಅವಮಾನ ತಟ್ಟುವುದೇ ಇಲ್ಲ ಎಂದು ಹತ್ತು ಹನ್ನೆರಡು ವರ್ಷ ತಿಳಿದಿದ್ದೆ. ಬೆನ್ನಿಗೆ ಬೆನ್ನು ಹಚ್ಚಿ ಬೆಳೆದವರೂ ಒಬ್ಬರನ್ನೊಬ್ಬರು ಎಷ್ಟು ಕಡಿಮೆ ತಿಳಿದಿರುತ್ತಾರೆ, ನೋಡಿ.

ಅಷ್ಟರಲ್ಲಿ ಅಮ್ಮ ಹೋದಳು, ದೊಡ್ಡಪ್ಪ ಹೋದರು. ಗೋಡೆಯ ಬಾಗಿಲಿಗೆ ಆ ಕಡೆಯಿಂದ ಹಾಕಿದ ಚಿಲಕವನ್ನು ದೊಡ್ಡಪ್ಪನ ಮಕ್ಕಳು ತೆಗೆಯಲಿಲ್ಲ. ಅಪ್ಪನ ಕೈ ನಡುಗತೊಡಗಿತು. ನಾನು ತವರಿಗೆ ಬಂದಿದ್ದ ಒಂದು ಶುಕ್ರವಾರ ಬೆಳಿಗ್ಗೆ ಗುಡಿಗೆ ಹೋದೆವು. ಅಭಿಷೇಕಕ್ಕೆಂದು ಕವಚ ತೆಗೆದಿದ್ದರು. ಅಪ್ಪ ಸಿಂಧೂರ ಹಚ್ಚಿ ಕಣ್ಣು ಬರೆಯಲು ಹೋದರೆ ಬಿಳಿ ಗೆರೆ ಕೆನ್ನೆಗೆ ಇಳಿಯಿತು. ಒರೆಸಿದರು, ಮತ್ತೆ ಬರೆದರು, ಮತ್ತೆ ಇಳಿಯಿತು. ಮೂರನೇ ಸಲಕ್ಕೆ ಕಡ್ಡಿ ಕೆಳಗಿಟ್ಟು ಗೋಡೆ ಹಿಡಿದುಕೊಂಡು ನಿಂತರು. ಆಮೇಲೆ ತಿರುಗಿದರು. ನನ್ನ ಎಂಟನೇ ಕ್ಲಾಸಿನಿಂದ ನಾನು ಕಾಯುತ್ತಿದ್ದ ತಿರುಗುವಿಕೆ ಅದು. ಹೊರಗೆ ಒಮ್ಮೆ ಕಣ್ಣಾಡಿಸಿ ಮೆಲ್ಲಗೆ, "ಸೀನೂ, ಒಳಗ ಬಾ. ಯಾರೂ ಇಲ್ಲ" ಎಂದರು.

ಅಣ್ಣ ಅಲುಗಲಿಲ್ಲ. "ಯಾರೂ ಇಲ್ಲಂತ ಕರೀತೀಯೇನಪ್ಪಾ?" ಎಂದ. ದನಿ ಎತ್ತಲಿಲ್ಲ. "ನಾಳೆ ಶನಿವಾರ. ಮಂದಿ ಬರ್ತಾರ. ಅವರ ಎದುರಿಗೆ ಕರೀ, ಬರ್ತೀನಿ."

ಅಪ್ಪ ಬಗ್ಗಿ ಕಡ್ಡಿ ಎತ್ತಿಕೊಂಡರು. ಹನ್ನೆರಡು ವರ್ಷ ನಾನು ತಾಳ್ಮೆ ಎಂದುಕೊಂಡದ್ದು ತಾಳ್ಮೆ ಆಗಿರಲಿಲ್ಲ ಎಂದು ಅವತ್ತು ನನಗೆ ತಿಳಿಯಿತು. ಅವನು ದಿನಾ ಬಂದು ನಿಲ್ಲುತ್ತಿದ್ದದ್ದು, ಅಪ್ಪನಿಗೆ ಮರೆಯಲು ಬಿಡಬಾರದು ಎಂದು. ನನ್ನ ಸಿಟ್ಟಿಗಿಂತ ಅವನ ಸಿಟ್ಟು ದೊಡ್ಡದಿತ್ತು.

ಮರುದಿನ ಗುಡಿಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಕಬ್ಬಿನ ಗದ್ದೆಯವರು, ದರೋಜಿಯ ಕಡೆಯವರು, ತಲೆ ನರೆತ ಹುಲಿಗೆಮ್ಮ, ದೊಡ್ಡಪ್ಪನ ಇಬ್ಬರು ಮಕ್ಕಳು. ಅಣ್ಣ ಕಾಲುವೆಯಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ಬಂದು, ಹೊಸ್ತಿಲಿಗೆ ಒಂದು ಹೆಜ್ಜೆ ಬಿಟ್ಟು ನಿಂತ. ಪಂಚೆಯ ನೀರು ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅಪ್ಪ ಆರತಿಯ ತಟ್ಟೆ ಎತ್ತಿ ಅವನನ್ನು ನೋಡಿದರು. ತುಟಿ ತೆರೆದದ್ದನ್ನು ನಾನು ಕಂಡೆ. ಜನರನ್ನು ಒಮ್ಮೆ ನೋಡಿದರು. ಆಮೇಲೆ ಕಣ್ಣು ಕೆಳಗೆ ಮಾಡಿ ದೇವರ ಕಡೆ ತಿರುಗಿದರು. ಅದು ಅವರ ಕೊನೆಯ ಪಾಳಿ.

ಅಣ್ಣ ಕೈ ಮುಗಿದ. ನಾನು ಅವನ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತೆ.